ಎಡಗಿವಿಗೆ ಇಟ್ಟ ಹತ್ತಿ

ಕಿವಿಡಬ್ಬಿ ಮಾಡುವ ಕೆಲಸ ಶುರುವಾದದ್ದೇ ಭೀಮಬಾಯಿಯ ಮನೆಯ ಜಗಳದಿಂದ. ಅವಳ ಗಂಡ ಕಾಶಪ್ಪ ಶಹಾಬಾದಿನ ಆಚೆಯ ಸುಣ್ಣಕಲ್ಲಿನ ಗಣಿಯಲ್ಲಿ ಡ್ರಿಲ್ ಮಷೀನು ಹಿಡಿಯುತ್ತಿದ್ದ. ವರ್ಷಗಟ್ಟಲೆ ಆ ಮಷೀನಿನ ಮಗ್ಗುಲಲ್ಲಿ ನಿಂತು ಅವನ ಕಿವಿ ಮಂದವಾಗಿತ್ತು. ಪಾಳಿ ಮುಗಿಸಿ ಬಂದು ರೇಡಿಯೋ ಹಚ್ಚಿದನೆಂದರೆ ತನ್ನ ಕಿವಿಗೆ ಮುಟ್ಟುವವರೆಗೂ ಗುಂಡಿ ತಿರುಗಿಸುತ್ತಿದ್ದ. ಅದು ಗೋಡೆಗೆ ಗೋಡೆ ಹತ್ತಿದ ಸಾಲುಮನೆ. ಆಚೆ ಈಚೆ ಬೇರೆ ಪಾಳಿಯವರು ಹಗಲಲ್ಲೇ ಮಲಗಿರುತ್ತಿದ್ದರು.

ಒಂದು ದಿನ ಭೀಮಬಾಯಿ ರೇಡಿಯೋವನ್ನು ಕೂಸಿನಂತೆ ಎತ್ತಿಕೊಂಡು ಗುಲಾಮ ದಸ್ತಗೀರನ ರೇಡಿಯೋ ರಿಪೇರಿ ಅಂಗಡಿಗೆ ಬಂದಳು.

"ಉಸ್ತಾದ, ಇದರ ದನಿ ತೆಗೆದುಬಿಡ್ರಿ."

"ದನಿ ತೆಗೆದ ಮ್ಯಾಲೆ ರೇಡಿಯೋ ಯಾಕ ಬೇಕವ್ವಾ? ಗೂಡಿನಾಗ ಇಟ್ಟು ಊದಿನಕಡ್ಡಿ ಹಚ್ಚತಿ ಏನು?"

"ಹಂಗಲ್ರಿ. ಅವರ ಕಿವಿಗೆ ಅಷ್ಟೇ ಕೇಳಬೇಕು, ಊರಿಗೆ ಕೇಳಬಾರದು. ನಿನ್ನೆ ಮಗ್ಗುಲ ಮನಿಯಾಕಿ ಬಂದು, ಇದು ಮನಿ ಅದನೋ ಟೂರಿಂಗ್ ಟಾಕೀಸೋ, ತಿಕೀಟು ಎಲ್ಲಿ ಕೊಡ್ತೀರಿ ಅಂತ ಕೇಳಿ ಹೋದ್ಳು. ನಂಗ ನೀರಿಗಿ ಹೋಗಾಕ ಮಾರಿ ಇಲ್ಲದಂಗ ಆಗ್ಯಾದ."

ದಸ್ತಗೀರ ನಕ್ಕ. ಪರದೆಯ ಹಿಂದೆ ಕೂತಿದ್ದ ಅವನ ಹೆಂಡತಿ ಜೈತುನ್‌ಬೀಯೂ ನಕ್ಕಳು. ಅಂಗಡಿ ಎಂದರೆ ಅವರ ಮನೆಯ ಮುಂಗೋಣೆ. ನಡುವೆ ಒಂದು ಹಳೆಯ ಸೀರೆಯ ಪರದೆ. ಆಚೆ ಅವನು ರೇಡಿಯೋ ಬಿಚ್ಚುತ್ತಿದ್ದ, ಈಚೆ ಅವಳು ಕೌದಿ ಹೊಲಿಯುತ್ತಿದ್ದಳು. ಇಬ್ಬರಿಗೂ ದಿನವಿಡೀ ಒಂದೇ ರೇಡಿಯೋ ಕೇಳಿಸುತ್ತಿತ್ತು.

ಜೈತುನ್‌ಬೀ ಚಿತ್ತಾಪುರದ ಪಿಂಜಾರರ ಮಗಳು. ಅವಳ ಅಪ್ಪ ಊರೂರು ತಿರುಗಿ ಗಾದಿಯ ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ತಂತಿ ಹತ್ತಿಗೆ ಬಡಿದಾಗ ಬರುವ ದನಿಯಲ್ಲೇ ಹತ್ತಿ ಸಡಿಲವಾಯಿತೋ ಇನ್ನೂ ಗಂಟಿದೆಯೋ ಎಂದು ಅವಳು ಚಿಕ್ಕಂದಿನಲ್ಲೇ ಹೇಳುತ್ತಿದ್ದಳು. ಶಾಲೆಗೆ ಹೋದವಳಲ್ಲ. ಅಣ್ಣಂದಿರು ಪಾಠ ಒಪ್ಪಿಸುವಾಗ ಮೂಲೆಯಲ್ಲಿ ಕೂತು ಕೇಳಿ ಓದು ಕಲಿತವಳು. ಮದುವೆಯಾಗಿ ಶಹಾಬಾದಿಗೆ ಬಂದ ಮೇಲೆ ರೇಡಿಯೋದ ವಿಷಯವನ್ನೂ ಹಾಗೇ ಕಲಿತಳು, ಪರದೆಯ ಹಿಂದಿನಿಂದ. ಮಾತು ಕಡಿಮೆ. ಐದು ಹೊತ್ತಿನ ನಮಾಜು ತಪ್ಪಿಸಿದವಳಲ್ಲ, ಆದರೆ ಅದನ್ನು ಯಾರಿಗೂ ಹೇಳಿಕೊಂಡವಳೂ ಅಲ್ಲ.

ಭೀಮಬಾಯಿ ಹೇಳಿದ್ದು ದಸ್ತಗೀರನ ತಲೆಯಲ್ಲಿ ಕೂತುಬಿಟ್ಟಿತು. ಅಂಗಡಿಗೆ ಬಂದು ಸತ್ತುಬಿದ್ದ ಕೈರೇಡಿಯೋಗಳ ಪುಟ್ಟ ಸ್ಪೀಕರುಗಳು ಒಂದು ಡಬ್ಬಿ ತುಂಬ ಇದ್ದವು. ಎರಡು ಸ್ಪೀಕರು ತೆಗೆದು, ಎರಡು ಅಲ್ಯುಮಿನಿಯಂ ಬಟ್ಟಲಿನಲ್ಲಿ ಕೂರಿಸಿ, ನಡುವೆ ತಲೆಯ ಮೇಲೆ ಹಾಯುವಂತೆ ಕಬ್ಬಿಣದ ಪಟ್ಟಿ ಬಗ್ಗಿಸಿದ. ಹಿಂಬದಿ ಮುಚ್ಚಿದ್ದರಿಂದ ದನಿ ಹೊರಗೆ ಸೋರಲಿಲ್ಲ. ಆದರೆ ಹಾಡುವವನು ಕೊಡದೊಳಗೆ ತಲೆ ತೂರಿಸಿ ಹಾಡಿದಂತಿತ್ತು.

"ತಗಡಿನ ವಾಸನಿ ಬರಾಕತ್ತದ" ಎಂದ, ದನಿಗೂ ವಾಸನೆ ಇರುವ ಹಾಗೆ.

ಬಟ್ಟಲು ಬಿಟ್ಟು ತೆಂಗಿನ ಕರಟ ಹಿಡಿದ. ಕರಟದಲ್ಲಿ ತಬಲಾದ ದನಿ ದುಂಡಗೆ, ಮೆತ್ತಗೆ ಬಂತು. ಆದರೆ ಒಂದು ಕರಟದ ಹಾಗೆ ಇನ್ನೊಂದಿರಲಿಲ್ಲ. ಎಡಗಡೆ ಒಬ್ಬ ಹಾಡಿದರೆ ಬಲಗಡೆ ಅವನ ತಮ್ಮ ಹಾಡಿದಂತಾಗುತ್ತಿತ್ತು. ಕೊನೆಗೆ ಹೈದರಾಬಾದಿನ ಗುರುವಾರದ ಹಳೇ ಸಾಮಾನಿನ ಬಜಾರಿಗೆ ಹೋಗಿ ಮಿಲಿಟರಿಯವರು ಹರಾಜು ಹಾಕಿದ ಕಪ್ಪು ಗಟ್ಟಿ ಡಬ್ಬಿಗಳನ್ನು ಚೀಲ ತುಂಬ ತಂದ. ಅವು ಸರಿಹೋದವು. ಒಳಗೆ ಹತ್ತಿ ಇಟ್ಟರೆ ಗುಂಯ್‌ಗುಡುವುದು ನಿಲ್ಲುತ್ತಿತ್ತು. ಹೆಚ್ಚಾದರೆ ದನಿಗೇ ಶೀತವಾದಂತಾಗುತ್ತಿತ್ತು. ಹಿಂದೆ ಕಾದ ಸೂಜಿಯಲ್ಲಿ ಒಂದು ತೂತು ಹೊಡೆದರೆ ಡಬ್ಬಿ ಉಸಿರಾಡುತ್ತಿತ್ತು. ಕುದುರೆಯ ಜೀನಿನ ಕೆಳಗೆ ಹಾಸುವ ದಪ್ಪ ಉಣ್ಣೆಯ ಹಳೇ ನಮದಾ ಕತ್ತರಿಸಿ ಸ್ಪೀಕರಿನ ಮುಂದೆ ಬಿಲ್ಲೆಯ ಹಾಗೆ ಕೂರಿಸಿದರೆ ಚುಚ್ಚುವ ದನಿ ನಯವಾಗುತ್ತಿತ್ತು.

ಮಧ್ಯಾಹ್ನದ ಭಜನೆಯ ಹೊತ್ತಿಗೆ ದಸ್ತಗೀರ ಪರೀಕ್ಷೆಗೆ ಕೂರುತ್ತಿದ್ದ. ಎರಡೇ ದನಿ ಅವನ ಲೆಕ್ಕಕ್ಕೆ. ತಬಲಾದ ಎಡಗೈಯ ದನಿ ಹೊಟ್ಟೆ, ತಾಳದ ಘಲ್ಲು ನೆತ್ತಿ.

"ಹೊಟ್ಟೀನೂ ತುಂಬಬೇಕು, ನೆತ್ತೀನೂ ತಂಪಾಗಬೇಕು ಜೈತುನ್" ಎನ್ನುತ್ತಿದ್ದ.

ಅವನ ಕೆಲಸ ಮುಗಿದ ಮೇಲೆ ಡಬ್ಬಿಗಳು ಪರದೆ ದಾಟಿ ಅವಳ ಕೈಗೆ ಬರುತ್ತಿದ್ದವು. ಕಿವಿಯ ಸುತ್ತ ಕೂರುವ ಪುಟ್ಟ ಗಾದಿಗಳನ್ನು ರೆಕ್ಸಿನ್ನಿನಲ್ಲಿ ಹೊಲಿಯುವುದು ಅವಳ ಪಾಲು. ತಂತಿ ಎಡಗಡೆಯಿಂದ ಇಳಿಯಬೇಕಾದ್ದರಿಂದ ಎಡಡಬ್ಬಿಯ ಗಾದಿಗೆ ಒಂದು ಕೆಂಪು ದಾರ ಹಾಕುತ್ತಿದ್ದಳು. ಕಾಶಪ್ಪ ಮೊದಲ ಜೋಡಿ ಒಯ್ದ. ಸಾಲುಮನೆಯಲ್ಲಿ ಶಾಂತಿ ನೆಲೆಸಿತು. ಗಣಿಯ ಹೆಂಗಸರು ಒಬ್ಬರ ಹಿಂದೊಬ್ಬರು ಬರತೊಡಗಿದರು. ಕಿವಿಡಬ್ಬಿ ಎಂಬ ಹೆಸರಿಟ್ಟವರೂ ಅವರೇ.

ಹೀಗಿರುವಾಗ, ಮೊಹರಮ್ಮಿಗೆ ಮುಂಚೆ ಒಂದು ಮಧ್ಯಾಹ್ನ, ಜೈತುನ್‌ಬೀ ಹೊಸ ಗಾದಿ ಕಿವಿಗೆ ಒತ್ತುತ್ತದೋ ಏನೋ ನೋಡೋಣವೆಂದು ಒಂದು ಜೋಡಿಯನ್ನು ತಲೆಗೆ ಹಾಕಿಕೊಂಡಳು. ದಸ್ತಗೀರ ಹೊರಗೆ ಹೋಗಿದ್ದ. ರೇಡಿಯೋದಲ್ಲಿ ಭಜನೆ ನಡೆದಿತ್ತು. ಬಲಗಡೆ ತಾಳ ಹಿತವಾಗಿ ಘಲ್ಲೆನ್ನುತ್ತಿತ್ತು. ಎಡಗಡೆ ಸೂಜಿಯ ಹಾಗೆ ಚುಚ್ಚಿತು.

ಅವಳು ತೆಗೆದು ನೋಡಿದಳು. ತನ್ನ ಕಿವಿಯದೇ ತೊಂದರೆಯೋ ಎಂದು ಡಬ್ಬಿ ಅದಲುಬದಲು ಮಾಡಿ, ಕೆಂಪು ದಾರದ್ದನ್ನು ಬಲಗಿವಿಗೆ ಹಾಕಿಕೊಂಡಳು. ಸೂಜಿ ಬಲಕ್ಕೆ ಬಂತು. ಹಾಗಾದರೆ ತೊಂದರೆ ಡಬ್ಬಿಯದು. ಎಡಡಬ್ಬಿಯ ನಮದಾ ಎತ್ತಿ ನೋಡಿದರೆ ಒಳಗೆ ಹತ್ತಿಯೇ ಇರಲಿಲ್ಲ. ನಮದಾವನ್ನೂ ದಸ್ತಗೀರ ಬ್ಲೇಡಿನಿಂದ ಹೆರೆದು ತೆಳ್ಳಗೆ ಮಾಡಿದ್ದ. ಬಲಡಬ್ಬಿಯಲ್ಲಿ ಎಲ್ಲ ಸರಿಯಾಗಿತ್ತು.

ಒಂದು ಸಲ ತಪ್ಪಿರಬಹುದು ಎಂದುಕೊಂಡಳು. ಮುಂದಿನ ಜೋಡಿಯೂ ಹಾಗೇ ಬಂತು. ಅದರ ಮುಂದಿನದೂ.

ಆಗ ಅವಳು ಡಬ್ಬಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅಲ್ಲಿಯವರೆಗೆ ಲಕ್ಷ್ಯ ಕೊಡದಿದ್ದ ಸಣ್ಣ ಸಣ್ಣ ಸಂಗತಿಗಳು ಒಂದೊಂದಾಗಿ ಎದ್ದು ಬಂದವು. ಊಟಕ್ಕೆ ಕೂತಾಗ ಎಡಗಡೆಯಿಂದ ಕೇಳಿದರೆ ರೊಟ್ಟಿ ಬೇಕೋ ಬೇಡವೋ ಹೇಳದೆ ಸುಮ್ಮನಿರುತ್ತಿದ್ದ. ಗಿರಾಕಿಗಳ ಜೊತೆ ಮಾತಾಡುವಾಗ ಕತ್ತು ಓರೆ ಮಾಡುತ್ತಿದ್ದ. ಇಪ್ಪತ್ತು ವರ್ಷದಿಂದ ಅವನು ರಿಪೇರಿಗೆ ಕೂತರೆ ಬಲಗೈಯಲ್ಲಿ ಬೆಸುಗೆಯ ಕಾದ ಕಡ್ಡಿ, ಎಡಗಿವಿಗೆ ತಂತಿಯ ತುದಿಯ ಪುಟ್ಟ ಇಯರ್ ಫೋನಿನ ಗುಬ್ಬಿ. ರೇಡಿಯೋ ಎಲ್ಲಿ ಸತ್ತಿದೆ ಎಂದು ಆ ಗುಬ್ಬಿಯಲ್ಲಿ ಕೇಳಿ ಹುಡುಕುತ್ತಿದ್ದ. ಮಧ್ಯೆ ಮಧ್ಯೆ ಅದು ಪಟಾಕಿಯ ಹಾಗೆ ಚಟಾರನೆ ಸಿಡಿದಾಗ ಬೈದು, ನಕ್ಕು, ಮತ್ತೆ ಅದೇ ಕಿವಿಗೆ ಇಡುತ್ತಿದ್ದ.

ದಸ್ತಗೀರನ ಎಡಗಿವಿಗೆ ತಾಳ ಕೇಳಿಸುತ್ತಿಲ್ಲ. ಕೇಳಿಸುವವರೆಗೆ ಅವನು ಎಡಡಬ್ಬಿಯಿಂದ ಹತ್ತಿ ಕೀಳುತ್ತಾನೆ.

ಕಿವುಡು ಅಂದರೆ ಆ ಮನೆಯಲ್ಲಿ ಬರೀ ಕಿವುಡಲ್ಲ. ಮನೆಯ ಎದುರಿಗೇ ರೈಲು ಹಳಿಗಳು. ಮಸೀದಿ ಇರುವುದು ಹಳಿಗಳ ಆಚೆ. ದಸ್ತಗೀರನ ಅಪ್ಪ ಮುದಿಯಾಗುವ ಮೊದಲೇ ಕಿವುಡಾಗಿದ್ದ. ನಮಾಜಿಗೆ ಹೋದವನು ಒಂದು ದಿನ ಹಿಂತಿರುಗಲಿಲ್ಲ. ಇಂಜಿನ್ನಿನವನು ಸೀಟಿ ಹೊಡೆದೇ ಹೊಡೆದ ಎಂದು ನೋಡಿದವರು ಹೇಳಿದರು. ಜೈತುನ್‌ಬೀ ಆಗ ಹೊಸ ಸೊಸೆ. ಆ ಸೀಟಿಯನ್ನು ಅವಳೂ ಒಳಗಿನಿಂದ ಕೇಳಿದ್ದಳು. ಯಾವನೋ ಡ್ರೈವರ್ ಸುಮ್ಮನೆ ಊದುತ್ತಾನೆ ಎಂದುಕೊಂಡು ಹಿಟ್ಟು ನಾದುತ್ತಿದ್ದಳು. ಅಂದಿನಿಂದ ಗಂಡನ ಮುಂದೆ ಕಿವಿಯ ಮಾತು ಎತ್ತಿದವರಿಲ್ಲ. ಕಿವುಡರ ಬಗ್ಗೆ ಗಿರಾಕಿಗಳು ತಮಾಷೆ ಮಾಡಿದರೂ ಅವನು ಎದ್ದು ಒಳಗೆ ಬಂದು ನೀರು ಕುಡಿದು ಹೋಗುತ್ತಿದ್ದ.

ಮನೆಯಿಂದ ಮಸೀದಿಗೆ ಹೊರಟರೆ ವಾಡಿ ಜಂಕ್ಷನ್ನಿನ ಕಡೆ ಎಡಕ್ಕೆ ಬೀಳುತ್ತದೆ. ವಾಡಿಯಿಂದ ಬರುವ ಗಾಡಿ ಅವನ ಎಡಗಿವಿಯ ಕಡೆಯಿಂದ ಬರುತ್ತದೆ.

ಹೇಳಬೇಕು ಎಂದು ಅವಳು ನಿಶ್ಚಯ ಮಾಡಿಕೊಂಡಳು. ಹೇಳಲು ಬಾಯಿ ಬರಲಿಲ್ಲ. ರೇಡಿಯೋ ರಿಪೇರಿಯವನಿಗೆ ಕಿವಿ ಹೋಯಿತೆಂದರೆ ಇನ್ನೇನು ಉಳಿಯಿತು? ಯಾರು ರೇಡಿಯೋ ತರುತ್ತಾರೆ? ಅದಕ್ಕಿಂತ, ಹೇಳಿದ ಗಳಿಗೆಯಲ್ಲಿ ಅವನ ಮುಖ ಹೇಗಾಗುತ್ತದೆ ಎಂಬುದನ್ನು ನೆನೆದೇ ಅವಳು ಹಿಂದೆ ಸರಿಯುತ್ತಿದ್ದಳು. ಹೇಳದಿದ್ದರೆ ಎದುರಿಗೆ ಹಳಿ ಇತ್ತು.

ಹೇಳುವ ಬದಲು ಅವಳು ಇನ್ನೊಂದು ಕೆಲಸ ಮಾಡಿದಳು. ಗಾದಿ ಹೊಲಿಯುವ ಮುಂಚೆ ಎಡಡಬ್ಬಿಯ ನಮದಾ ಎತ್ತಿ, ಬೆರಳಿನಲ್ಲೇ ಹಿಂಜಿ ಹಗುರ ಮಾಡಿದ ಒಂದು ಎಳೆ ಹತ್ತಿ ಒಳಗಿಟ್ಟಳು. ಹಾಕಿಕೊಂಡು ಕೇಳಿದಳು. ಅದಲುಬದಲು ಮಾಡಿ ಕೇಳಿದಳು. ಇನ್ನಷ್ಟು ಇಟ್ಟಳು. ಎರಡೂ ಕಡೆ ತಾಳ ಒಂದೇ ಸಮ ಆದ ಮೇಲೆ ಹೊಲಿಗೆ ಹಾಕಿದಳು. ಗಿರಾಕಿಗಳಿಗೆ ಎಡಗಡೆ ಚುಚ್ಚಬಾರದು, ಯಾರೂ ಬಂದು ಉಸ್ತಾದ ನಿನ್ನ ಕಿವಿಗೆ ಏನಾಗಿದೆ ಎಂದು ಕೇಳಬಾರದು, ಅಷ್ಟೇ ಅವಳ ಉದ್ದೇಶ.

ಅಂದಿನಿಂದ ಹೋದ ಪ್ರತಿ ಜೋಡಿಗೂ ಹಾಗೇ ಮಾಡಿದಳು. ಕಾಶಪ್ಪ ತನ್ನ ಮೊದಲ ಜೋಡಿಯ ಗಾದಿ ಹರಿದಿದೆ ಎಂದು ತಂದಾಗ ಅದಕ್ಕೂ ಇಟ್ಟಳು. ಒಂದೆರಡು ಸಲ ದಸ್ತಗೀರ ಹೊಲಿಗೆ ಮುಗಿದದ್ದನ್ನು ಎತ್ತಿ ಕಿವಿಗೆ ಹಾಕಿಕೊಂಡು ಹುಬ್ಬು ಗಂಟಿಕ್ಕಿದ.

"ಗಾದಿ ಹಾಕಿದ ಮ್ಯಾಲೆ ಎಡಗಡೆ ಯಾಕೋ ಮಂದ ಆಗ್ತದ" ಎಂದ.

"ಹೊಸಾ ಗಾದಿ ಅಲ್ರಿ. ಕುಂತ ಮ್ಯಾಲೆ ಸರಿ ಹೋಗ್ತದ."

"ಹೋಗ್ತದ" ಎಂದು ಅವನೂ ಒಪ್ಪಿದ. ಒಮ್ಮೆ ಮಾತ್ರ ಅವನು ಡಬ್ಬಿಯನ್ನು ತಲೆಯಿಂದ ತೆಗೆದು, ಅದಲುಬದಲು ಮಾಡಲು ತಿರುಗಿಸಿ ಹಿಡಿದ. ಹಿಡಿದವನು ಹಾಗೇ ಸ್ವಲ್ಪ ಹೊತ್ತು ಕೂತ. ಆಮೇಲೆ ಹಾಕಿಕೊಳ್ಳದೆ ಮೇಜಿನ ಮೇಲೆ ಇಟ್ಟುಬಿಟ್ಟ. ಪರದೆಯ ಸಂದಿಯಿಂದ ಅದನ್ನು ನೋಡಿದ ಜೈತುನ್‌ಬೀಗೆ ತಿಳಿದುಹೋಯಿತು. ಅವನಿಗೂ ಒಳಗೊಳಗೆ ಗೊತ್ತು. ಗೊತ್ತು ಮಾಡಿಕೊಳ್ಳಲು ಹೆದರಿ ಡಬ್ಬಿ ತಿರುಗಿಸುವುದಿಲ್ಲ.

ಆ ವಾರದಲ್ಲೇ ಅದು ನಡೆಯಿತು. ಸಂಜೆಯ ಮುಂಚಿನ ನಮಾಜಿಗೆ ಅವನು ಹೊರಟಿದ್ದ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವಳಿಗೆ ವಾಡಿ ಕಡೆಯಿಂದ ಎರಡು ಗೂಡ್ಸ್ ಡಬ್ಬಿಗಳು ಇಂಜಿನ್ನಿಲ್ಲದೆ ತಾವಾಗಿ ಉರುಳುತ್ತ ಬರುವುದು ಕಾಣಿಸಿತು. ಶಂಟಿಂಗಿನಲ್ಲಿ ತಳ್ಳಿಬಿಟ್ಟ ಡಬ್ಬಿಗಳು. ಸೀಟಿ ಇಲ್ಲ, ಹೊಗೆ ಇಲ್ಲ, ಬರೀ ಗಾಲಿಯ ಸಣ್ಣ ಕಿರುಗುಟ್ಟುವಿಕೆ. ಹಳಿಯ ಪಕ್ಕ ಹಸಿರು ಬಾವುಟ ಹಿಡಿದು ನಿಂತಿದ್ದ ರೈಲ್ವೆಯವನು "ಏ ಸಾಹೇಬಾ, ಹಿಂದಕ್ಕ ಸರಿ" ಎಂದು ಕೂಗಿದ. ದಸ್ತಗೀರ ನಡೆಯುತ್ತಲೇ ಇದ್ದ. ಜೈತುನ್‌ಬೀ ಎದ್ದು ನಿಂತಳು. ಮೊರ ಕೈಜಾರಿ ಅಕ್ಕಿಯೆಲ್ಲ ಚೆಲ್ಲಿತು. ಬಾವುಟದವನು ಓಡಿ ಬಂದು ಅಂಗಿ ಹಿಡಿದು ಜಗ್ಗಿದ. ಡಬ್ಬಿಗಳು ಅವರ ಮುಂದೆ ಹಾದುಹೋದವು.

ದಸ್ತಗೀರ ಬಾವುಟದವನ ಹೆಗಲು ತಟ್ಟಿ ನಕ್ಕು, ಆಚೆ ದಾಟಿ ಹೋದ. ಮನೆಗೆ ಬಂದ ಮೇಲೆ ಅವಳು ಕೇಳಿದಳು.

"ಅಷ್ಟು ಒದರಾಕತ್ತಿದ್ದ, ಕೇಳಸಲಿಲ್ಲೇನ್ರಿ?"

"ಲಕ್ಷ್ಯ ಇರಲಿಲ್ಲ. ಹೊಸಾ ಜೋಡಿ ಬಗ್ಗೆ ವಿಚಾರ ಮಾಡಾಕತ್ತಿದ್ದೆ. ನೀ ಯಾಕ ಅಕ್ಕಿ ಎಲ್ಲಾ ಚೆಲ್ಲೀದಿ?"

"ನಾಳಿಂದ ಮನ್ಯಾಗ ನಮಾಜು ಮಾಡ್ರಿ."

"ಹುಚ್ಚಿ. ಕಾಲು ಗಟ್ಟಿ ಇದ್ದಾವ ಮನ್ಯಾಗ ಯಾಕ ಮಾಡ್ಲಿ?"

ಅವಳು ಜಾನಮಾಜಿನ ಚಾಪೆಯ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಅವನಿಗೆ ಗೊತ್ತಾಗಲಿ ಎಂದು ಬೇಡಿಕೊಳ್ಳುವುದೋ, ಗೊತ್ತಾಗದಿರಲಿ ಎಂದೋ. ಕೊನೆಗೆ, ನನಗೆ ಬಾಯಿ ಕೊಡು ಎಂದಷ್ಟೇ ಕೇಳಿಕೊಂಡಳು.

ಬಾಯಿ ಬರುವ ಮೊದಲು ಚಿತ್ತಾಪುರದಿಂದ ಕರೆ ಬಂತು. ತಂಗಿಯ ಹೆರಿಗೆ. ಹೋಗದೆ ಇರುವಂತಿರಲಿಲ್ಲ. ಚಿತ್ತಾಪುರದಲ್ಲೂ ಊರ ಮಗ್ಗುಲಿಗೆ ರೈಲು. ಒಂದೊಂದು ಸೀಟಿಗೂ ಕೂಸು ಬೆಚ್ಚುವ ಮೊದಲು ಅವಳು ಬೆಚ್ಚುತ್ತಿದ್ದಳು. ಬಾಣಂತಿಗೆ ಎಣ್ಣೆ ಹಚ್ಚುತ್ತ ಕೈ ನಿಲ್ಲಿಸಿಬಿಡುತ್ತಿದ್ದಳು. "ಅಕ್ಕಾ, ಹೆತ್ತಾಕಿ ನಾನು, ಬಿಳಚಿಕೊಂಡಾಕಿ ನೀನು" ಎಂದು ತಂಗಿ ನಕ್ಕಳು. ಅವಳಿಗೂ ಹೇಳಲಿಲ್ಲ.

ಹಿಂತಿರುಗಿದಾಗ ದಸ್ತಗೀರ ಅಂಗಡಿಯಲ್ಲಿ ಕ್ಷೇಮವಾಗಿ ಕೂತಿದ್ದ. ಅವಳು ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತೇ ಇದ್ದಳು.

"ನೀ ಇಲ್ಲಂತ ಕೆಲಸ ನಿಲ್ಲಿಸಿಲ್ಲ ನೋಡು" ಎಂದ ಅವನು, ಹೆಮ್ಮೆಯಿಂದ. "ಕಾಶಪ್ಪನ ಸಂಗಡ ಗಣ್ಯಾಗ ಇರೋ ಭಂಕೂರ ಭಗವಂತಗ ಒಂದು ಜೋಡಿ ಮಾಡಿ ಕೊಟ್ಟೀನಿ. ಗಾದಿ ನಾನೇ ಹೊಲಿದೆ. ಹೊಲಗಿ ಅಂದ್ರ ಹೊಲಗಿ, ನಕ್ಕಗಿಕ್ಕೀದಿ ಮತ್ತ."

ಅವಳು ನಗಲಿಲ್ಲ. ಆ ಜೋಡಿಯ ಎಡಡಬ್ಬಿಯಲ್ಲಿ ಹತ್ತಿ ಇಲ್ಲ. ಇವತ್ತೋ ನಾಳೆಯೋ ಭಗವಂತ ಕಿವಿ ಹಿಡಿದುಕೊಂಡು ಬರುತ್ತಾನೆ. ಎಡಗಡೆ ಚುಚ್ಚುತ್ತದೆ ಎನ್ನುತ್ತಾನೆ. ಪರದೆ ಸರಿದರೆ ಸಾಕು, ಭಗವಂತ ಬಂದನೆಂದೇ ಸೂಜಿ ಕೆಳಗಿಡುತ್ತಿದ್ದಳು.

ಭಗವಂತ ಬಂದ. ಜೊತೆಗೆ ಕಾಶಪ್ಪನನ್ನೂ ಭೀಮಬಾಯಿಯನ್ನೂ ಕರೆತಂದ. ಒಂದು ಮಧ್ಯಾಹ್ನ, ಭಜನೆಯ ಹೊತ್ತಿಗೇ. ಕಾಶಪ್ಪನಿಗೆ ಕೂಗದೆ ಮಾತಾಡಲು ಬರುತ್ತಿರಲಿಲ್ಲ.

"ಉಸ್ತಾದ! ನಂಗ ಮೋಸ ಮಾಡೀದಿ!"

"ಬರ್ರಿ, ಕುಂದ್ರಿ. ಏನು ಮೋಸ?"

"ಈ ಭಗವಂತಂದು ಹಾಕ್ಕೊಂಡು ನೋಡಿದೆ. ಎರಡೂ ಕಡೆ ತಾಳ ಘಲ್ ಘಲ್ ಅಂತದ. ನಂದು ಎಡಗಡಿ ಡಬ್ಬಿ ಉಪಾಸ ಕುಂತದ!"

"ಲಗ್ನದಾಗಿನ ಬೀಗರಂಗ ಮಾರಿ ಉಬ್ಬಿಸ್ಕೊಂಡು ಕುಂತದ್ರಿ ಅದು" ಎಂದ ಭಗವಂತ. "ಎಷ್ಟು ಉಪಚಾರ ಮಾಡಿದ್ರೂ ಮಾತಾಡವಲ್ದು."

"ಮದಲ ಛಲೋ ಇತ್ರಿ" ಎಂದಳು ಭೀಮಬಾಯಿ. "ಗಾದಿ ಬದಲಿ ಮಾಡಿಸಿದ ಮ್ಯಾಲೆ ಹಿಂಗಾತು ಅಂತಾರ. ಮನ್ಯಾಗ ದಿನಾ ಇದೇ ಗದ್ದಲ. ರೇಡಿಯೋ ಗದ್ದಲ ಹೋತು, ಇವರ ಗದ್ದಲ ಬಂತು."

ಪರದೆಯ ಹಿಂದೆ ಜೈತುನ್‌ಬೀಗೆ ಮೊದಲು ಏನೂ ಅರ್ಥವಾಗಲಿಲ್ಲ. ಚುಚ್ಚುತ್ತದೆ ಎನ್ನಬೇಕಾದವನು ಹೊಗಳುತ್ತಿದ್ದ. ಅವಳು ಸರಿಮಾಡಿದ್ದನ್ನು ಕಾಶಪ್ಪ ಬೈಯುತ್ತಿದ್ದ. ದಸ್ತಗೀರ ಕಾಶಪ್ಪನ ಜೋಡಿಯನ್ನು ತಲೆಗೆ ಹಾಕಿಕೊಂಡು ಕೇಳಿದ. ತೆಗೆದು ಭಗವಂತನದನ್ನು ಹಾಕಿಕೊಂಡ. ಮತ್ತೆ ಇದು, ಮತ್ತೆ ಅದು. ರೇಡಿಯೋದ ತಂತಿ ಕಿತ್ತು ಹಚ್ಚುವ ಸಪ್ಪಳ ಅವಳಿಗೆ ಕೇಳಿಸುತ್ತಿತ್ತು.

"ಖರೇ ಅದ ನೋಡು ಕಾಶಪ್ಪ" ಎಂದ. "ನಿಂದು ಎಡಗಡೆ ಮಂದ ಅದ. ಭಗವಂತಂದು ಬರೋಬ್ಬರಿ ಅದ."

ಬ್ಲೇಡಿನಿಂದ ಹೊಲಿಗೆ ಕತ್ತರಿಸಿದ ದನಿ ಕೇಳಿತು. ಅವಳು ಕೈಯಲ್ಲಿದ್ದ ಸೂಜಿಯನ್ನು ಕೌದಿಗೆ ಚುಚ್ಚಿ ಕಣ್ಣು ಮುಚ್ಚಿದಳು.

ಆಮೇಲೆ ಪರದೆ ಸರಿಯಿತು. ದಸ್ತಗೀರನ ಅಂಗೈಯಲ್ಲಿ ಒಂದು ಎಳೆ ಹತ್ತಿ ಇತ್ತು.

"ಜೈತುನ್, ಇದು ನಂದಲ್ಲ. ನಾ ಮುದ್ದಿ ಮಾಡಿ ತುರುಕಾಂವ. ಇದು ಪಿಂಜಾರರ ಕೈ."

"ಹೌದ್ರಿ. ನಾನೇ ಇಟ್ಟೀನಿ."

"ಯಾಕ?"

"ಎಡಗಡೆ ದನಿ ಚುಚ್ಚತಿತ್ತು."

"ಯಾರಿಗಿ ಚುಚ್ಚತಿತ್ತು?" ಅವನ ದನಿ ಏರಿತು. "ಇಲ್ಲಿ ಮೂರು ಮಂದಿ ಗಂಡಸರು ಅದೀವಿ. ಮೂವರಿಗೂ ನಂದೇ ಬರೋಬ್ಬರಿ ಕೇಳಸ್ತದ. ನಿನಗೊಬ್ಬಾಕಿಗೆ ಚುಚ್ಚತದೇನು? ನಾ ಕಿವಿ ಒಡಕೊಂಡು ಕೂಡ್ಸಿದ ದನಿ, ನೀ ಹತ್ತಿ ತುರುಕಿ ಹಾಳು ಮಾಡ್ತಿ. ಗಿರಾಕಿ ಮುಂದ ನನ್ನ ಮಾರಿ ಏನಾಗಬೇಕು?"

ಅವಳು ಬಾಯಿ ತೆರೆದಳು. ಬಾಗಿಲಲ್ಲಿ ಕಾಶಪ್ಪ, ಭಗವಂತ, ಭೀಮಬಾಯಿ ನೋಡುತ್ತಿದ್ದರು. ಅವರ ಮುಂದೆ ಹೇಗೆ ಹೇಳುವುದು? ಅವಳ ಮೌನದಿಂದ ಅವನಿಗೆ ಧೈರ್ಯ ಬಂತು. ಇಷ್ಟು ದಿನ ಅವನೊಳಗೆ ಕೊರೆಯುತ್ತಿದ್ದ ಸಂಶಯವೆಲ್ಲ ಒಂದೇ ಏಟಿಗೆ ಬಿಟ್ಟುಹೋದಂತೆ ಮುಖ ಬಿಚ್ಚಿಕೊಂಡಿತು. ಅದನ್ನು ನೋಡಿ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಇನ್ನು ಇವನು ಎಂದೂ ನಂಬುವುದಿಲ್ಲ. ಹಳಿ ದಾಟುತ್ತಲೇ ಇರುತ್ತಾನೆ.

"ಭಗವಂತಾ, ನೀನೇ ಹೇಳು" ಎಂದ ದಸ್ತಗೀರ. "ನಿಂದು ಎಡಗಡೆ ಚುಚ್ಚತದೇನು?"

"ಛೇ ಛೇ, ಚುಚ್ಚೋದು ಎಲ್ಲಿ ಬಂತು ಉಸ್ತಾದ" ಎಂದ ಭಗವಂತ, ಹೆಂಗಸೊಬ್ಬಳು ಬೈಸಿಕೊಳ್ಳುತ್ತಿರುವುದಕ್ಕೆ ಸಂಕೋಚಪಟ್ಟುಕೊಂಡು. "ನಮ್ಮ ಕಿವಿ ಅಳತಿ ತಗೊಂಡೇ ಮಾಡಿದಂಗ ಅದ. ನಮ್ಮ ಗಣ್ಯಾಗ ಡ್ರಿಲ್ ಹಿಡಿಯೋರೆಲ್ಲಾ ಎಡಭುಜ ಕೊಟ್ಟು ನಿಲ್ಲೋದು. ಗಾಳಿ ಬಿಡೋ ಅದರ ಬಾಯಿ ಎಡಗಿವಿ ಬುಡಕೇ ಬರ್ತದ. ಎಡಗಿವಿ ಎಲ್ಲಾರದೂ ಗಣಿಗೇ ಹೋಗ್ಯಾದ. ಕಾಶಪ್ಪಂದು ಅರ್ಧ ಬಲಗಿವೀನೂ ಹೋಗ್ಯಾದ. ನೀ ಅದನ್ನ ತಿಳಕೊಂಡು ಎಡಗಡೆ ದನಿ ಜಾಸ್ತಿ ಇಟ್ಟೀದಿ ಅಂತ ನಾ ಭಂಕೂರ ತುಂಬಾ ಹೇಳೀನಿ. ಎಡಗಿವಿ ಸಂಗತಿ ನಿಂಗ ಯಾರು ಹೇಳಿದ್ರು?"

ದಸ್ತಗೀರನ ಅಂಗೈ ಹಾಗೇ ಚಾಚಿಕೊಂಡಿತ್ತು. ಹತ್ತಿ ಫ್ಯಾನಿನ ಗಾಳಿಗೆ ಅಲುಗಿ ಕೆಳಗೆ ಬಿತ್ತು.

ಅವನು ತಿರುಗಿ ಮೇಜಿನ ಹತ್ತಿರ ಹೋದ. ಭಗವಂತನ ಜೋಡಿ ಎತ್ತಿಕೊಂಡ. ಎಡಕ್ಕೆ ಕೆಂಪು ದಾರ ಇರುವಂತೆ ಹಾಕಿಕೊಂಡು ಕೇಳಿದ. ತೆಗೆದ. ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದ. ಜೈತುನ್‌ಬೀ ಪರದೆಯ ಅಂಚು ಬಿಗಿಯಾಗಿ ಹಿಡಿದುಕೊಂಡಳು. ಅವನು ಕೆಂಪು ದಾರದ ಡಬ್ಬಿಯನ್ನು ಬಲಗಿವಿಗೆ ಹಾಕಿಕೊಂಡ.

ತಾಳದ ಏಟಿಗೆ ಅವನ ಬಲಗಣ್ಣು ತಾನಾಗಿ ಮುಚ್ಚಿಕೊಂಡಿತು. ಅವಳಿಗೆ ಅಷ್ಟು ಸಾಕಾಯಿತು. ಅವನಿಗೂ. ಎಡಗಿವಿಯ ಮೇಲಿನ ಡಬ್ಬಿಯನ್ನು ಅವನು ಬೆರಳಿನಿಂದ ಒತ್ತಿದ, ಸಡಿಲಿಸಿದ, ಮತ್ತೆ ಒತ್ತಿದ. ಆಮೇಲೆ ಎರಡನ್ನೂ ತೆಗೆದು ಮೇಜಿನ ಮೇಲೆ ಇಟ್ಟ.

"ಯಾರೂ ಹೇಳಿಲ್ಲೋ ಭಗವಂತಾ" ಎಂದ. "ನಾನೂ ನಿಮ್ಮ ಸಾಲಿನಾಂವನೇ. ನಂಗ ಗೊತ್ತಿದ್ದಿಲ್ಲ."

"ಏನಂದ? ಏನಂತ ಉಸ್ತಾದ?" ಎಂದು ಕಾಶಪ್ಪ ಕೂಗಿದ. ಭೀಮಬಾಯಿ ಅವನ ರಟ್ಟೆ ಹಿಡಿದು "ಸುಮ್ಮ ಕುಂದ್ರಿ" ಎಂದಳು. ಮಾತಿಗೊಮ್ಮೆ ನಗಿಸುವ ಭಗವಂತ ಕಾಲಬುಡ ನೋಡುತ್ತ ನಿಂತ.

ಕಾಶಪ್ಪನ ಎಡಡಬ್ಬಿಗೆ ಮತ್ತೆ ಹೊಲಿಗೆ ಹಾಕಿಕೊಟ್ಟದ್ದು ಜೈತುನ್‌ಬೀ, ಹತ್ತಿ ಇಲ್ಲದೆ. ಹೊಲಿಯುವಾಗ ಸೂಜಿ ಎರಡು ಸಲ ಬೆರಳಿಗೆ ಹೋಯಿತು. ಅವರು ಹೊರಟ ಮೇಲೆ ಭೀಮಬಾಯಿ ಒಬ್ಬಳೇ ಹಿಂದೆ ಬಂದು ಪರದೆಯೊಳಗೆ ತಲೆ ಹಾಕಿದಳು.

"ಭಾಬಿ, ಎಡಗಡಿಂದ ಕರೀಬ್ಯಾಡ್ರಿ, ಅಷ್ಟೇ. ಕರದು ಕರದು ನಮಗೇ ಸಿಟ್ಟು ಬರ್ತದ, ಅವರಿಗೂ ಬರ್ತದ. ಮುಂದ ಬಂದು ನಿಂತು ಮಾತಾಡ್ರಿ."

ಅಂಗಡಿ ಖಾಲಿಯಾಯಿತು. ದಸ್ತಗೀರ ರೇಡಿಯೋ ಆರಿಸಿ ಕೂತಿದ್ದ. ಜೈತುನ್‌ಬೀ ಮುಂದೆ ಬಂದು ನಿಂತಳು.

"ಯಾವಾಗಿಂದ ಗೊತ್ತು?" ಎಂದ ಅವನು, ನೆಲ ನೋಡುತ್ತ.

"ಮೊಹರಮ್ಮಿಗಿಂತ ಮುಂಚಿನಿಂದ್ರಿ."

"ಬಾಯಿ ಬಿಟ್ಟು ಹೇಳಬಾರದೇನು?"

"ಹೆದರಿಕಿ ಬಂತ್ರಿ."

ಅವನು ತಲೆಯಾಡಿಸಿದ. "ನಂಗೂ" ಎಂದ. ಎಡಗಿವಿ ಮುಟ್ಟಿಕೊಂಡು, "ಅಬ್ಬಾಗ ಮದಲ ಯಾವ ಕಿವಿ ಹೋಗಿತ್ತು, ನಿಂಗ ನೆನಪದ ಏನು?" ಎಂದು ಕೇಳಿದ.

ಅವಳಿಗೆ ನೆನಪಿತ್ತು. ಇಲ್ಲ ಎಂದಳು.

"ಇನ್ನ ಮ್ಯಾಲೆ ಗಣಿಯವರದು ನಾ ಮಾಡ್ತೀನಿ" ಎಂದು ಅವನು ನಗಲು ನೋಡಿದ. "ಕಿವಿ ಇದ್ದವರದು ನೀ ಮಾಡು."

ಅಷ್ಟರಲ್ಲಿ ಹಳಿಗಳ ಆಚೆಯಿಂದ ಬಾಂಗು ಕೇಳಿತು. ದಸ್ತಗೀರ ಎದ್ದು ಗೂಟದ ಮೇಲಿನ ಟೋಪಿ ತೆಗೆದುಕೊಂಡ. ಇವತ್ತು ಬೇಡ ಎನ್ನಬೇಕೆಂದು ಅವಳ ನಾಲಿಗೆಯ ತುದಿಗೆ ಬಂತು. ಅವನ ಮುಖ ನೋಡಿ ಆ ಮಾತು ನುಂಗಿಕೊಂಡಳು. ಆದರೆ ಇನ್ನೊಂದನ್ನು ನುಂಗಲಿಲ್ಲ.

"ವಾಡಿ ಕಡೆ ನೋಡಿ ದಾಟ್ರಿ" ಎಂದಳು, ಅವನ ಎದುರು ನಿಂತು, ಒಂದೊಂದೇ ಶಬ್ದ ಬಿಡಿಸಿ. "ಆ ಕಡೀದು ನಿಮಗ ಕೇಳಸಂಗಿಲ್ಲ."

ಮದುವೆಯಾದಂದಿನಿಂದ ಅವಳು ಅವನಿಗೆ ಇಷ್ಟು ಬಿರುಸಾದ ಮಾತು ಹೇಳಿರಲಿಲ್ಲ. ಅವನು ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ.

ಅವಳು ಹೊಸ್ತಿಲ ಒಳಗೇ ನಿಂತು ನೋಡಿದಳು. ಎದೆಯ ಬಡಿತದಲ್ಲಿ ಅವಳಿಗೂ ಬೇರೇನೂ ಕೇಳಿಸುತ್ತಿರಲಿಲ್ಲ. ಯಾವಾಗಲೂ ಹಳಿಯನ್ನು ಅಂಗಳದ ಹಾಗೆ ದಾಟುತ್ತಿದ್ದವನು ಮೊದಲ ಹಳಿಯ ಮುಂದೆ ನಿಂತ. ಇಡೀ ಮೈ ತಿರುಗಿಸಿ ವಾಡಿ ಕಡೆ ನೋಡಿದ. ಸಿಗ್ನಲ್ಲಿನ ಕಂಬದವರೆಗೂ ಏನೂ ಇರಲಿಲ್ಲ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಅವನನ್ನು ಬಳಸಿಕೊಂಡು ದಾಟಿ ಹೋದಳು. ನಮಾಜಿಗೆ ಹೊರಟ ಇಬ್ಬರು "ಯಾಕ ನಿಂತಿ, ಬಾರೋ, ಹೊತ್ತಾತು" ಎಂದು ಕರೆಯುತ್ತ ದಾಟಿದರು. ಅವನು ಕೈಯಿಂದ ಮುಂದೆ ಹೋಗಿ ಎಂದು ಸನ್ನೆ ಮಾಡಿದ. ಈ ಕಡೆ ನೋಡಿದ, ಮತ್ತೆ ಆ ಕಡೆ ನೋಡಿದ. ಖಾಲಿ ಹಳಿಯನ್ನೂ ನಂಬದವನ ಹಾಗೆ, ಟೋಪಿ ಒತ್ತಿ ಹಿಡಿದುಕೊಂಡು, ಬಾಂಗು ಮುಗಿದ ಮೇಲೂ ಅಲ್ಲೇ ನಿಂತಿದ್ದ. ಆಮೇಲೆ ದಾಟಿದ.